ಬೈರಯ್ಯನವರ ಜೀಪಿಗೆ ಪೂರ್ತಿ ವಿಮೆ

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತನೆಯ ಇಸವಿಯ ಭಾದ್ರಪದ ಮಾಸದಲ್ಲಿ ಚಾಮರಾಜಪೇಟೆಯ ಜನರ ಮುಂದೆ ಎರಡು ಗಹನವಾದ ಪ್ರಶ್ನೆಗಳಿದ್ದವು. ದೆಹಲಿಯಲ್ಲಿ ಬಿದ್ದುಹೋದ ಸರ್ಕಾರದ ಜಾಗದಲ್ಲಿ ಮುಂದೆ ಯಾರು ಕೂರುತ್ತಾರೆ ಎಂಬುದು ಒಂದು. ನಾರಾಯಣಪ್ಪನವರ ಜೀಪಿನ ಟಾರ್ಪಾಲಿನ್ ಟಾಪಿಗೆ ವಿಮೆ ಸಿಗುತ್ತದೆಯೋ ಇಲ್ಲವೋ ಎಂಬುದು ಇನ್ನೊಂದು. ಮೊದಲನೆಯದನ್ನು ಓಟು ಹಾಕಿ ತೀರಿಸಿಕೊಳ್ಳಬಹುದಿತ್ತು. ಎರಡನೆಯದಕ್ಕೆ ಅಂಥ ಸುಲಭದ ದಾರಿ ಯಾವುದೂ ಇರಲಿಲ್ಲ.

ನಾರಾಯಣಪ್ಪನವರದು ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ. ನಲವತ್ತೈದು ದಾಟಿದ ಮನುಷ್ಯ. ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ, ಸುಳ್ಳು ಹೇಳಬೇಕಾದಾಗ ಎರಡು ಸಲ ಸರಿಮಾಡಿಕೊಳ್ಳುವ ಅಭ್ಯಾಸ. ಜೀಪು ಅವರ ಅಪ್ಪ ಬೈರಯ್ಯನವರದು. ಎರಡನೇ ಮಹಾಯುದ್ಧ ಮುಗಿದು ಮಿಲಿಟರಿಯವರು ಜಾಲಹಳ್ಳಿ ಕಡೆ ತಮಗೆ ಬೇಡದ್ದನ್ನೆಲ್ಲ ಹರಾಜು ಹಾಕಿದಾಗ, ಬೈರಯ್ಯನವರು ಮನೆಯಲ್ಲಿ "ಒಂದು ಡೇರೆ ಸಿಕ್ಕಿದ್ರೆ ತರ್ತೀನಿ, ಕಣದಲ್ಲಿ ಹಾಕೋಕ್ಕಾಗುತ್ತೆ" ಎಂದು ಹೇಳಿ ಹೋಗಿ ಜೀಪಿನಲ್ಲಿ ವಾಪಸು ಬಂದಿದ್ದರು. ಡೇರೆ ಎಲ್ಲಿ ಎಂದು ಹೆಂಡತಿ ತಿಮ್ಮಕ್ಕ ಕೇಳಿದ್ದಕ್ಕೆ ಜೀಪಿನ ಟಾಪು ತೋರಿಸಿ, "ಇದೇ, ಕೆಳಗಡೆ ಚಕ್ರ ಸೇರಿಸಿ ಕೊಟ್ಟಿದಾರೆ" ಅಂದಿದ್ದರಂತೆ.

ಅಂಥ ಜೀಪು. ಬಾಗಿಲಿಲ್ಲ, ಸ್ಟೀರಿಂಗು ಎಡಗಡೆ. ಯಾವ ಗಾಡಿಯನ್ನಾದರೂ ಹಿಂದೆ ಹಾಕಬೇಕಾದರೆ ಬಲಗಡೆ ಕೂತವರು ತಲೆ ಹೊರಗಿಟ್ಟು ಎದುರಿಗೆ ಏನೂ ಬರುತ್ತಿಲ್ಲವೆಂದು ಕೂಗಿ ಹೇಳಬೇಕು. ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಅದರ ಸದ್ದು ಗೊತ್ತಿಲ್ಲದ ನಾಯಿಗಳಿರಲಿಲ್ಲ.

ಆದರೆ ಪೇಟೆಯಲ್ಲಿ ಅದು ಬರೀ ಗಾಡಿ. ಅದು ಜೀಪಾಗುತ್ತಿದ್ದದ್ದು ಮಾಗಡಿಯ ಆಚೆ. ಸಾವನದುರ್ಗದ ಬೆನ್ನಿಗೆ ಇವರ ಹೊಲವಿತ್ತು; ಸಂಕ್ರಾಂತಿಗೆ ಮನೆಮಂದಿಯೆಲ್ಲ ಅಲ್ಲಿಗೆ ಹೋಗುವುದು ವಾಡಿಕೆ. ಬಸ್ಸು ನಿಲ್ಲುವ ಜಾಗದಿಂದ ಹೊಲಕ್ಕೆ ರಸ್ತೆ ಎಂಬುದು ಇರಲಿಲ್ಲ. ಒಂದು ಹಳ್ಳ, ಒಂದು ಕೆರೆಯಂಗಳ, ಆಮೇಲೆ ಬಂಡೆ. ಡಾಂಬರು ಮುಗಿಯುವ ಕಡೆ ಬೈರಯ್ಯನವರು ಗಾಡಿ ನಿಲ್ಲಿಸುತ್ತಿದ್ದರು. ಟವೆಲಿನಿಂದ ಮುಖ ಒರೆಸಿಕೊಂಡು, ಅದನ್ನೇ ತಲೆಗೆ ಸುತ್ತಿಕೊಂಡು, ಕಾಲ ಬುಡದಲ್ಲಿದ್ದ ಚಿಕ್ಕ ಲಿವರನ್ನು ಮುಂದಕ್ಕೆ ನೂಕಿ, "ಹಿಡ್ಕಳ್ರಪ್ಪ" ಅನ್ನುತ್ತಿದ್ದರು. ಮುಂದಿನ ಚಕ್ರಗಳಿಗೂ ಎಂಜಿನಿನ ಬಲ ಹರಿದು ಜೀಪು ಒಮ್ಮೆ ಮೈಕೊಡವುತ್ತಿತ್ತು. ಆ ಒಂದು ಕೊಡವಿಗಾಗಿ ನಾರಾಯಣಪ್ಪ ಚಿಕ್ಕಂದಿನಲ್ಲಿ ವರ್ಷವಿಡೀ ಕಾಯುತ್ತಿದ್ದರು. ಬೈರಯ್ಯನವರು ತೀರಿಕೊಂಡ ಮೇಲೆ ಸಂಕ್ರಾಂತಿಗೆ ಅದೇ ಜಾಗದಲ್ಲಿ ನಿಲ್ಲಿಸಿ, ಟವೆಲು ಸುತ್ತಿ, ಲಿವರು ನೂಕಿ, "ಹಿಡ್ಕಳ್ರಪ್ಪ" ಅನ್ನುವುದು ಇವರ ಪಾಲಿಗೆ ಬಂದಿತ್ತು. ಶ್ರಾದ್ಧದ ದಿನ ಪಿಂಡ ಇಡುವಾಗ ಕೂಡ ಅಪ್ಪ ಅಷ್ಟು ಹತ್ತಿರ ಬಂದಂತೆ ಅವರಿಗೆ ಅನ್ನಿಸುತ್ತಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಪುರೋಹಿತರು ಬೇಜಾರು ಮಾಡಿಕೊಳ್ಳುತ್ತಿದ್ದರು.

ತೊಂದರೆ ಬಂದದ್ದು ಗೌರಿ ಹಬ್ಬದ ದಿನ. ನಾರಾಯಣಪ್ಪನವರ ಹೆಂಡತಿ ಗಂಗರತ್ನಮ್ಮ ಬಸವನಗುಡಿಯ ತಂಗಿ ಮನೆಗೆ ಬಾಗಿನ ಕೊಡಲು ಜೀಪಿನಲ್ಲಿ ಹೊರಟಿದ್ದರು. ದೊಡ್ಡ ಬಸವಣ್ಣನ ಗುಡಿಯ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಿತು. ಜೀಪು ಯಾವ ಆತುರವೂ ಇಲ್ಲದೆ ಇಳಿದುಕೊಂಡು ಹೋಗಿ ನಿವೃತ್ತ ಹೆಡ್‌ಮಾಸ್ಟರೊಬ್ಬರ ಕಾಂಪೌಂಡು ಗೋಡೆಯನ್ನು ತಳ್ಳಿ ನಿಂತಿತು. ಗೋಡೆ ಬಿತ್ತು, ಜೀಪಿಗೆ ಒಂದು ಗೀರೂ ಆಗಲಿಲ್ಲ. ಬಾಗಿನದ ಮೊರದಲ್ಲಿದ್ದ ಧಾನ್ಯ, ಬಳೆ, ಕನ್ನಡಿ ಎಲ್ಲವೂ ಹೆಡ್‌ಮಾಸ್ಟರ ಕ್ರೋಟನ್ ಗಿಡಗಳಿಗೆ ಸಂದವು. ಅಷ್ಟೇ ಆಗಿದ್ದರೆ ಗಂಗರತ್ನಮ್ಮ ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಹೆಡ್‌ಮಾಸ್ಟರು ಕನ್ನಡಕ ಹುಡುಕಿಕೊಳ್ಳುತ್ತ ಹೊರಗೆ ಬಂದವರು, ಗಾಡಿ ಓಡಿಸುವವರು ಬಲಗಡೆ ಕೂರುತ್ತಾರೆಂಬ ಲೋಕರೂಢಿಯನ್ನು ನಂಬಿ, ಬಲಗಡೆ ಕೂತಿದ್ದ ಗಂಗರತ್ನಮ್ಮನವರ ಮುಂದೆ ನಿಂತುಕೊಂಡರು.

"ಏನಮ್ಮಾ ಇದು, ಹಬ್ಬದ ದಿವಸ ರೇಷ್ಮೆ ಸೀರೆ ಉಟ್ಕೊಂಡು ಬಂದು ಕಂಡೋರ ಗೋಡೆ ಬೀಳಿಸ್ತೀರಲ್ಲ. ಲೈಸೆನ್ಸ್ ಕೊಟ್ಟೋನ ಹೆಸರು ಹೇಳಿ ಮೊದಲು."

ಅರ್ಧ ಬಸವನಗುಡಿ ನಿಂತು ಇದನ್ನು ಕೇಳಿಸಿಕೊಂಡಿತು. ಎಡಗಡೆ ಕೂತಿದ್ದ ನಾರಾಯಣಪ್ಪನವರು ಗಂಟಲು ಸರಿಮಾಡಿಕೊಂಡರೇ ಹೊರತು ಬೇಗ ಮಾತಾಡಲಿಲ್ಲ. ಆ ತಡವನ್ನು ಗಂಗರತ್ನಮ್ಮ ಮರೆಯಲಿಲ್ಲ.

ಅಂದು ಸಾಯಂಕಾಲವೇ ತೀರ್ಪು ಬಂತು. "ನೋಡ್ರೀ, ಕೋಲಾರದ ಟೊಮೆಟೊ ವ್ಯಾಪಾರಿ ಜೀಪು ಕೊಡಿ ಅಂತ ಎರಡು ವರ್ಷದಿಂದ ಕೇಳ್ತಾನೇ ಇದಾನೆ. ಗಾಡಿಗೆ, ಗೋಡೆಗೆ, ಓಡ್ಸೋರಿಗೆ, ಪಕ್ಕದಲ್ಲಿ ಕೂತೋರಿಗೆ, ಎಲ್ಲಕ್ಕೂ ಪೂರ್ತಿ ಇನ್ಶೂರೆನ್ಸ್ ಮಾಡ್ಸಿ, ಇಟ್ಕೊಳ್ಳಿ. ದೀಪಾವಳಿ ಒಳಗೆ ಆಗ್ಲಿಲ್ಲ ಅಂದ್ರೆ ಅವನಿಗೆ ಕೊಟ್ಬಿಡಿ."

"ಅವನು ಹಿಂದ್ಗಡೆ ಕತ್ತರಿಸಿ ಟೊಮೆಟೊ ಪೆಟ್ಟಿಗೆ ಇಡೋ ಹಾಗೆ ಮಾಡ್ತಾನಂತೆ ಕಣೆ."

"ಟೊಮೆಟೊಗಳನ್ನ ಯಾರೂ ಲೈಸೆನ್ಸ್ ಕೇಳಲ್ಲ ಬಿಡಿ."

ಹೀಗೆ ದೊರೆಸ್ವಾಮಿಗೆ ಕರೆ ಹೋಯಿತು. ದೊರೆಸ್ವಾಮಿ ವಿಮಾ ಏಜೆಂಟು. ಬಿಡುವಿನಲ್ಲಿ ಜಾತಕಗಳನ್ನೂ ಮನೆಯಿಂದ ಮನೆಗೆ ಸಾಗಿಸುತ್ತಿದ್ದ. ಎರಡು ಕೆಲಸಕ್ಕೂ ಒಂದೇ ಚರ್ಮದ ಚೀಲ, ಒಂದೇ ನಗು. ಜಗುಲಿಯ ಮೇಲೆ ಕೂತು ಕಾಫಿ ಕುಡಿದು ವಿಷಯಕ್ಕೆ ಬಂದ.

"ಈಗ ಇರೋದು ಥರ್ಡ್ ಪಾರ್ಟಿ. ಅಂದ್ರೆ ನಿಮ್ಮ ಗಾಡಿ ಹೋಗಿ ಇನ್ನೊಬ್ಬರಿಗೆ ಗುದ್ದಿದ್ರೆ ಅವರ ನಷ್ಟಕ್ಕೆ ಕಂಪನಿ ಕೊಡುತ್ತೆ. ಹೆಡ್‌ಮಾಸ್ಟರ ಗೋಡೆ ಅದರಲ್ಲಿ ಬರುತ್ತೆ. ನಿಮಗೆ ಏನೂ ಬರಲ್ಲ."

"ಗಾಡಿ ನಮ್ದು, ಕಾಸು ನಮ್ದು, ಉಪಕಾರ ಮಾತ್ರ ಊರೋರ್ಗೆ," ಅಂದರು ತಿಮ್ಮಕ್ಕ. ಎಂಬತ್ತರ ಹತ್ತಿರ ಬಂದಿದ್ದ ಆಕೆ ಜಗುಲಿಯ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಅದಕ್ಕೇ ಅಮ್ಮ, ಪೂರ್ತಿ ವಿಮೆ ಅಂತ ಬೇರೆ ಇದೆ. ಕಾಂಪ್ರಹೆನ್ಸಿವ್ ಅಂತಾರೆ. ಬೆಂಕಿ, ಕಳ್ಳತನ, ಅಪಘಾತ, ಸಿಡಿಲು, ದೊಂಬಿ, ಪ್ರವಾಹ."

"ಪಕ್ಕದಲ್ಲಿ ಕೂತೋರು?" ಬಾಗಿಲ ಸಂದಿಯಿಂದ ಗಂಗರತ್ನಮ್ಮನವರ ದನಿ.

"ಅದನ್ನ ಬೇರೆ ಸೇರಿಸ್ಬೇಕು ಅಕ್ಕ."

"ಸೇರ್ಸಿ."

"ಟಾರ್ಪಾಲಿನ್?" ಅಂದರು ನಾರಾಯಣಪ್ಪ.

ದೊರೆಸ್ವಾಮಿ ಸ್ವಲ್ಪ ಯೋಚಿಸಿದ. "ಟಾರ್ಪಾಲಿನ್ನು ಗಾಡಿಯ ಅಂಗವೋ ಅಥವಾ ಅದು ಹಾಕ್ಕೊಂಡಿರೋ ಬಟ್ಟೆಯೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ ಸಾರ್. ಒಂದೊಂದು ಆಫೀಸಲ್ಲಿ ಒಂದೊಂದು ಥರ ಹೇಳ್ತಾರೆ. ಅದು ಹಾಗಿರ್ಲಿ. ನಿಜವಾದ ತೊಂದರೆ ಅಂದ್ರೆ ವಯಸ್ಸು. ನಾಳೆ ಗಾಡಿ ಸುಟ್ಟುಹೋಯ್ತು ಅಂತಿಟ್ಕೊಳ್ಳಿ..."

"ದೀಪ ಹಚ್ಚೋ ಹೊತ್ನಲ್ಲಿ ಯಾಕಪ್ಪ ಹಂಗೆಲ್ಲ ಇಟ್ಕಬೇಕು?" ಅಂದರು ತಿಮ್ಮಕ್ಕ.

"ಸರಿ, ಸುಟ್ಟುಹೋಗ್ಲಿಲ್ಲ ಅಮ್ಮ, ಕಳುವಾಯ್ತು. ಕಂಪನಿ ಕೊಡೋದು ಆವತ್ತಿನ ಬೆಲೆ. ವರ್ಷ ವರ್ಷ ಸವಕಳಿ ಕಳೀತಾರೆ. ಈ ಜೀಪಿಗೆ ಕಳೀತಾ ಬಂದ್ರೆ ಕೊನೇಲಿ ನೀವೇ ಕಂಪನಿಗೆ ಏನಾದ್ರೂ ಕೊಡಬೇಕಾಗುತ್ತೆ. ಇಷ್ಟು ವಯಸ್ಸಾದ ಗಾಡಿ ಅಂತ ಗೊತ್ತಾದ್ರೆ ಸರ್ವೇಯರು ಒಳಗೂ ಬರಲ್ಲ, ಗೇಟಿನಲ್ಲೇ ಕೈಮುಗಿದು ಹೋಗ್ತಾರೆ."

"ಸರ್ವೇಯರು ಅಂದ್ರೆ?"

"ಕಂಪನಿ ಕಡೆಯೋರು. ಮನೆಗೆ ಬಂದು ಗಾಡಿ ನೋಡಿ, ಇದು ಹಿಂಗಿದೆ, ಇಷ್ಟು ಬಾಳುತ್ತೆ ಅಂತ ಬರ್ಕೊಂಡು ಹೋಗ್ತಾರೆ. ಅವರು ಒಪ್ಪಿದ್ರೆ ಆಯ್ತು."

ತಿಮ್ಮಕ್ಕ ಎಲೆಯನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡರು. ನಾಲ್ಕು ಹೆಣ್ಣುಮಕ್ಕಳನ್ನು ಮದುವೆ ಮಾಡಿ ದಾಟಿಸಿದ ಹೆಂಗಸು. ಹೊರಗಿನವರು ಬಂದು ನೋಡಿ ಒಪ್ಪಿಕೊಂಡು ಹೋಗುವ ವ್ಯವಹಾರದಲ್ಲಿ ಆಕೆಗಿದ್ದ ಅನುಭವ ಆ ಬೀದಿಯಲ್ಲಿ ಇನ್ಯಾರಿಗೂ ಇರಲಿಲ್ಲ.

"ಅಷ್ಟೇನಾ," ಅಂದರು. "ಇದನ್ನ ನನಗೆ ಬಿಡಿ."

ಅಲ್ಲಿಂದ ಮುಂದೆ ನಾರಾಯಣಪ್ಪನವರ ಮಾತು ನಡೆಯಲಿಲ್ಲ. ಶ್ರೀರಾಂಪುರದಿಂದ ಬೋರ್ಡು ಬರೆಯುವ ದಾಸಪ್ಪನನ್ನು ಕರೆಸಲಾಯಿತು. ಮಿಲಿಟರಿಯ ಮಾಸಲು ಹಸಿರಿನ ಮೇಲೆ ಅವನು ಆಕಾಶನೀಲಿ ಎನಾಮಲ್ ಹೊಡೆದ. ಬಾನೆಟ್ಟಿನ ಮೇಲಿದ್ದ ಬಿಳಿಯ ನಕ್ಷತ್ರ, ಪಕ್ಕದಲ್ಲಿದ್ದ ಸೈನ್ಯದ ನಂಬರು, ಡ್ಯಾಷ್‌ಬೋರ್ಡಿನ ತಗಡಿನ ಫಲಕಗಳು, ಎಲ್ಲವೂ ನೀಲಿಯಾದವು. ಕಣ್ಣಿಗೆ ಚೆನ್ನಾಗಿರಲಿ ಎಂದು ತನ್ನ ಕಡೆಯಿಂದ ಉಚಿತವಾಗಿ ಹಿಂಭಾಗದಲ್ಲಿ ಎರಡು ಗುಲಾಬಿ ಹೂವನ್ನೂ ಬರೆದ. ಜೆ.ಸಿ. ರಸ್ತೆಯಿಂದ ಮಿರಿಮಿರಿ ಮಿಂಚುವ ಚಕ್ರದ ಮುಚ್ಚಳ ಬಂತು. ನೆಲದ ತಗಡಿನಲ್ಲಿದ್ದ ತೂತಿನ ಮೇಲೆ ಹೊಸ ನಾರಿನ ಚಾಪೆ ಬಿತ್ತು. ಈ ತೂತಿನ ಮೂಲಕ ತಿಮ್ಮಕ್ಕ ಇಪ್ಪತ್ತು ವರ್ಷಗಳಿಂದ ಎಲೆಯಡಿಕೆಯ ರಸವನ್ನು ನೇರವಾಗಿ ಭೂಮಿಗೆ ಬಿಡುತ್ತಿದ್ದರು; ಮುಚ್ಚಿದ್ದು ಅವರ ಮಟ್ಟಿಗೆ ತ್ಯಾಗವೇ.

"ವಯಸ್ಸು ಕೇಳಿದ್ರೆ ಇಪ್ಪತ್ತರ ಮೇಲೆ ಹೇಳ್ಬೇಡ," ಎಂದು ಮಗನಿಗೆ ಪಾಠವಾಯಿತು. "ನಿನ್ನ ದೊಡ್ಡ ಅಕ್ಕನಿಗೆ ಇಪ್ಪತ್ತಾರಾಗಿದ್ದಾಗ ಹತ್ತೊಂಬತ್ತು ಅಂತ ಹೇಳಿ ಕೊಟ್ಟಿದ್ದು. ಈಗೇನು ಕಮ್ಮಿ ಆಗೈತೆ ಅವಳಿಗೆ?"

"ಅಮ್ಮ, ಆರ್‌ಸಿ ಪುಸ್ತಕದಲ್ಲಿ ಇಸವಿ ಇರುತ್ತೆ."

"ಜಾತಕದಲ್ಲೂ ಇತ್ತು. ಪುಸ್ತಕ ಎಲ್ಲೈತೆ?"

ಪುಸ್ತಕ ಅಪ್ಪನ ಹೆಸರಿನಿಂದ ಇವರ ಹೆಸರಿಗೆ ಬದಲಾಗಲು ಆರ್‌ಟಿಓ ಕಚೇರಿಗೆ ಹೋಗಿ ಬಹಳ ದಿನವಾಗಿತ್ತು. ಸದ್ಯಕ್ಕೆ ಬರುವ ಸೂಚನೆಯೂ ಇರಲಿಲ್ಲ. ತಿಮ್ಮಕ್ಕನಿಗೆ ಅದು ದೇವರೇ ಮಾಡಿದ ಏರ್ಪಾಡಿನಂತೆ ಕಂಡಿತು.

ಶನಿವಾರ ಸಂಜೆ ನಾರಾಯಣಪ್ಪ ಒಬ್ಬರೇ ಹೋಗಿ ಜೀಪಿನಲ್ಲಿ ಕೂತರು. ಹೊಸ ಬಣ್ಣದ ವಾಸನೆಗೆ ಅಪ್ಪನ ಬೀಡಿಯ ವಾಸನೆ, ರಾಗಿಯ ವಾಸನೆ ಯಾವುದೂ ಉಳಿದಿರಲಿಲ್ಲ. ಯಾರದೋ ಮನೆಯ ಗಾಡಿಯಲ್ಲಿ ಕೇಳದೆ ಹತ್ತಿ ಕೂತಂತಾಗಿ ಇಳಿದು ಬಂದರು.

ಭಾನುವಾರ ಬೆಳಿಗ್ಗೆ ಸರ್ವೇಯರು ಶಿವಲಿಂಗಯ್ಯ ಲೂನಾದಲ್ಲಿ ಬಂದಿಳಿದರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಜೇಬಿನಲ್ಲಿ ಟಾರ್ಚು. ಜೊತೆಯಲ್ಲಿ ದೊರೆಸ್ವಾಮಿ. ನೇರವಾಗಿ ಗಾಡಿಯ ಹತ್ತಿರ ಹೋಗಲು ಅವರನ್ನು ಯಾರೂ ಬಿಡಲಿಲ್ಲ. ಮೊದಲು ಹಜಾರದಲ್ಲಿ ಕೂರಿಸಿ ಉಪ್ಪಿಟ್ಟು, ಕೇಸರಿಬಾತು, ಕಾಫಿ. ತಿಮ್ಮಕ್ಕ ಎದುರಿಗೆ ಚಾಪೆಯ ಮೇಲೆ ಕೂತು ವಿಚಾರಿಸಿಕೊಂಡರು.

"ನಿಮ್ಮನೇಲಿ ಎಲ್ಲ ಚೆಂದಾಗವ್ರಾ?"

"ಚೆನ್ನಾಗಿದಾರೆ ಅಮ್ಮ."

"ನಮ್ದೂ ಮನೇಲೇ ಬೆಳೆದಿದ್ದಪ್ಪ. ಹೊರಗೆ ಅಷ್ಟಾಗಿ ಹೋಗಿದ್ದಿಲ್ಲ. ಒಬ್ಬರ ಕೈಯಲ್ಲೇ ಇದ್ದಿದ್ದು. ಹಠ ಗಿಠ ಏನೂ ಇಲ್ಲ."

ಶಿವಲಿಂಗಯ್ಯ ಉಪ್ಪಿಟ್ಟಿನಲ್ಲಿದ್ದ ಗೋಡಂಬಿಯನ್ನು ಪಕ್ಕಕ್ಕೆ ಸರಿಸುತ್ತ ಅಷ್ಟೇ ಗಂಭೀರವಾಗಿ ಕೇಳಿದರು. "ಬೆಳಿಗ್ಗೆ ಬೇಗ ಏಳುತ್ತಾ ಅಮ್ಮ?"

"ಒಂದೇ ಕೂಗಿಗೆ ಎದ್ಬಿಡುತ್ತೆ."

ಎಲ್ಲರೂ ಎದ್ದು ಅಂಗಳಕ್ಕೆ ಬಂದರು. ಜೀಪಿನ ಮೂತಿಯ ತುಂಬ ಚೆಂಡುಹೂವಿನ ಹಾರ, ದೀಪಗಳ ನಡುವೆ ಅರಿಸಿನ ಕುಂಕುಮ. ಶಿವಲಿಂಗಯ್ಯ ಒಂದು ಸುತ್ತು ಬಂದು ಹಿಂಭಾಗದ ಗುಲಾಬಿಗಳ ಮುಂದೆ ನಿಂತರು. ದೊರೆಸ್ವಾಮಿ ಆಕಾಶ ನೋಡಿದ.

"ಯಾವ ಇಸವಿ ಗಾಡಿ ಸಾರ್?"

ನಾರಾಯಣಪ್ಪ ಗಂಟಲು ಸರಿಮಾಡಿಕೊಂಡರು. ಇನ್ನೊಂದು ಸಲ ಸರಿಮಾಡಿಕೊಂಡರು. "ಐವತ್ತೆಂಟು."

ಶಿವಲಿಂಗಯ್ಯ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದರು. "ಛೇ, ಪಾಪ."

"ಯಾಕೆ ಸಾರ್?"

"ಅಲ್ಲ, ದಾರೀಲಿ ದೊರೆಸ್ವಾಮಿ ಹಳೇ ಜೀಪು ಅಂದಾಗ ಯುದ್ಧದ ಕಾಲದ್ದಿರಬಹುದು ಅಂತ ಆಸೆ ಇಟ್ಕೊಂಡು ಬಂದೆ. ಅಂಥದ್ದಾದ್ರೆ ಮೇಲಿನ ಆಫೀಸಿಗೆ ಬರೆದು ಒಪ್ಪಿಸಬಹುದಿತ್ತು. ಮೈಸೂರು ಕಡೆಯ ಹಳೇ ಕಾರುಗಳಿಗೆ ಹಾಗೆ ಮಾಡಿದೀವಿ. ನೀವೂ ನಾವೂ ಕೂತು ಇದರ ಬೆಲೆ ಇಷ್ಟು ಅಂತ ಮೊದಲೇ ಒಪ್ಕೊಂಡುಬಿಡೋದು. ಕಳುವಾದ್ರೂ ಅಷ್ಟು, ಸುಟ್ಟುಹೋದ್ರೂ ಅಷ್ಟು. ಸವಕಳಿ ಅನ್ನೋ ಮಾತೇ ಇರಲ್ಲ. ಮೂಲದ ಬಿಡಿಭಾಗ ಸಿಗ್ದೇ ಹೋದ್ರೆ ಮಾಡಿಸೋ ಖರ್ಚು, ಕೆಟ್ಟು ನಿಂತ್ರೆ ಎಳ್ಕೊಂಡು ಬರೋ ಖರ್ಚು, ಪಕ್ಕದಲ್ಲಿ ಕೂತೋರು, ಟಾಪು, ಎಲ್ಲ ಸೇರಿಸಬಹುದಿತ್ತು. ಐವತ್ತೆಂಟು ಅಂದ್ರೆ ಹೊಸದೂ ಅಲ್ಲ, ಹಳೇದೂ ಅಲ್ಲ. ಬರೀ ಮುದಿ ಗಾಡಿ. ಥರ್ಡ್ ಪಾರ್ಟಿ ಬಿಟ್ಟು ಬೇರೇನೂ ನನ್ನ ಕೈಲಾಗಲ್ಲ."

ಗಂಗರತ್ನಮ್ಮ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದರು. ನಾರಾಯಣಪ್ಪನವರ ಕಣ್ಣಿಗೆ ಜೀಪಿನ ಹಿಂದಿನ ಸೀಟಿನ ಜಾಗದಲ್ಲಿ ಟೊಮೆಟೊ ಪೆಟ್ಟಿಗೆಗಳು ಒಂದರ ಮೇಲೊಂದು ಏರತೊಡಗಿದ್ದವು. ಅವರು ತಾಯಿಯ ಕಡೆ ತಿರುಗಿದರು. ತಾಯಿ ಸರ್ವೇಯರ ಕಡೆ ತಿರುಗಿದರು.

"ಹಂಗಾದ್ರೆ ಅದು ಇನ್ನೂ ದೊಡ್ಡದು ಕಣಪ್ಪ."

"ಎಷ್ಟು ದೊಡ್ಡದು ಅಮ್ಮ?"

"ನಿಮಗೆ ಎಷ್ಟು ಬೇಕು?"

ಶಿವಲಿಂಗಯ್ಯ ಮೊದಲ ಸಲ ನಕ್ಕರು. "ಆ ಹಾರ ತೆಗೀರಿ."

ಹಾರ ತೆಗೆದಾಗ ಮೂತಿಯ ತಗಡಿನ ಸೀಳುಗಳು ಕಂಡವು. ಶಿವಲಿಂಗಯ್ಯ ಅವನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು. ಯುದ್ಧಕಾಲದವಕ್ಕೆ ಒಂಬತ್ತು ಸೀಳು, ಆಮೇಲೆ ಬಂದವಕ್ಕೆ ಏಳು ಎಂದು ವಿವರಿಸಿದರು. ಇದಕ್ಕೆ ಒಂಬತ್ತಿತ್ತು.

"ಮೂತಿ ಒಂದನ್ನ ಯಾರು ಬೇಕಾದ್ರೂ ತಂದು ಕೂರಿಸಬಹುದು. ಇಡೀ ಗಾಡಿ ಅದೇ ಅಂತ ನನಗೆ ನಂಬಿಕೆ ಬರಬೇಕು. ಫಲಕಗಳ ಮೇಲಿನ ಬಣ್ಣ ತೆಗೀರಿ. ಆಮೇಲೆ, ಗಾಡಿ ಏನೇನು ನೋಡಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ."

ಆಮೇಲಿನ ಒಂದು ಗಂಟೆ ಆ ಮನೆಯಲ್ಲಿ ಹಿಂದೆಂದೂ ನಡೆಯದ ಕೆಲಸ ನಡೆಯಿತು. ಸೀಮೆಎಣ್ಣೆ, ಹಳೆಯ ಪಂಚೆಯ ತುಂಡು ಹಿಡಿದು ಎಲ್ಲರೂ ತಾವೇ ಹಚ್ಚಿಸಿದ ಬಣ್ಣವನ್ನು ಉಜ್ಜಲು ನಿಂತರು. ಇನ್ನೂ ಹಸಿಯಾಗಿದ್ದ ಆಕಾಶನೀಲಿ ಬೇಗ ಬಿಟ್ಟುಕೊಟ್ಟಿತು. ಅದರಡಿಯಿಂದ ಹಸಿರು ಬಂತು, ನಂಬರು ಬಂತು, ಫಲಕಗಳ ಮೇಲೆ ಯುದ್ಧದ ಕಾಲದ ಇಸವಿ ಬಂತು, ನಕ್ಷತ್ರದ ಮೂರು ಮೂಲೆ ಬಂದವು. ಮುಚ್ಚಿಟ್ಟ ಊನಗಳನ್ನು ಎಲ್ಲರೂ ಪೈಪೋಟಿಯ ಮೇಲೆ ಬಯಲು ಮಾಡತೊಡಗಿದರು.

"ಇಲ್ನೋಡಿ, ತೂತು," ಎಂದು ತಿಮ್ಮಕ್ಕ ಚಾಪೆ ಎಳೆದು ಹೆಮ್ಮೆಯಿಂದ ತೋರಿಸಿದರು. "ನಮ್ಮನೆಯವರು ಬೀಸೋಕಲ್ಲು ತಂದು ಇದರೊಳಗೆ ಎತ್ತಿ ಹಾಕಿದ್ರು. ಅದು ಬಂಡೆ ಮೇಲೆ ಎಗರಿ ಎಗರಿ ತೂತು ಮಾಡ್ಬಿಡ್ತು."

"ಬಂಡೆ ಮೇಲೆ," ಅಂದರು ಶಿವಲಿಂಗಯ್ಯ, ಬರೆದುಕೊಳ್ಳುತ್ತ.

"ಈ ಮಡ್‌ಗಾರ್ಡು ಕೋಟೆ ಹೈಸ್ಕೂಲ್ ಮೈದಾನದಲ್ಲಿ," ಅಂದರು ನಾರಾಯಣಪ್ಪ. "ನನಗೆ ಓಡ್ಸೋದು ಕಲಿಸ್ತಿದ್ರು. ಹುಣಸೇಮರಕ್ಕೆ ಕೊಟ್ಟೆ. ಅಪ್ಪ ಬಯ್ಯಲಿಲ್ಲ. ಇಳಿದು ಹೋಗಿ ಮೊದಲು ಮರ ನೋಡಿದ್ರು. ಆಮೇಲೆ ಗಾಡಿ ನೋಡಿದ್ರು. ನನ್ನ ನೋಡ್ಲೇ ಇಲ್ಲ."

"ನನ್ನ ಮದುವೆ ಮಾರನೇ ದಿನ ಇದರಲ್ಲೇ ಕರ್ಕೊಂಡು ಬಂದ್ರು," ಎಂದು ಬಾಗಿಲಿಂದ ಗಂಗರತ್ನಮ್ಮ ಅಂದರು. ಅನ್ನಬೇಕೆಂದು ಅಂದದ್ದಲ್ಲ. "ಕೆರೆಯಂಗಳದಲ್ಲಿ ಅಡ್ಡಡ್ಡ. ನನ್ನ ಟ್ರಂಕು ಬಿದ್ದು ಆ ಹಿಂದ್ಗಡೆ ತಗಡು ಬಗ್ಗಿದ್ದು. ಮಾವ ಟ್ರಂಕು ಎತ್ಕೊಡೋಕ್ಕೆ ಮುಂಚೆ ತಗಡು ಸವರಿದ್ರು."

"ಕೆರೆಯಂಗಳ," ಅಂದರು ಶಿವಲಿಂಗಯ್ಯ. ಒಳ್ಳೆಯ ಕೇಳುಗ. ಎಲ್ಲಿ ತಲೆಯಾಡಿಸಬೇಕು, ಎಲ್ಲಿ "ಹೌದಾ, ಆಮೇಲೆ?" ಅನ್ನಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾರಾಯಣಪ್ಪ ಆ ಹೊತ್ತಿಗೆ ವಿಮೆಯನ್ನು ಮರೆತಿದ್ದರು. ಅಪ್ಪನ ವಿಷಯ ಇಷ್ಟು ಗಮನ ಕೊಟ್ಟು ಕೇಳಿದವರು ಈಚೆಗೆ ಯಾರೂ ಇರಲಿಲ್ಲ. ಮಂಡಿಯಲ್ಲಿ ಬೈರಯ್ಯನವರ ಹೆಸರೆತ್ತಿದರೆ ಜನ ಒಮ್ಮೆ ನಿಟ್ಟುಸಿರು ಬಿಟ್ಟು ಅಕ್ಕಿಯ ಧಾರಣೆಗೆ ಬರುತ್ತಿದ್ದರು. ಅವರು ಎಡಗಡೆಯ ಸೀಟಿಗೆ ಹತ್ತಿ ಕೂತು ತೋರಿಸಿದರು. ಡಾಂಬರು ಮುಗಿಯುವ ಜಾಗ, ಟವೆಲು, ಚಿಕ್ಕ ಲಿವರು, ಜೀಪು ಮೈಕೊಡವುವುದು. ಮಳೆ ಚೆನ್ನಾಗಿ ಆದ ವರ್ಷ ಹಳ್ಳದಲ್ಲಿ ಸಂಕ್ರಾಂತಿಗೂ ನೀರಿರುತ್ತಿತ್ತು. ಆಗ ಬೈರಯ್ಯನವರು ಫ್ಯಾನು ತಿರುಗಿ ಎಂಜಿನಿಗೆ ನೀರು ಎರಚದಿರಲೆಂದು ಅದರ ಬೆಲ್ಟು ಬಿಚ್ಚಿ ಜೇಬಿಗಿಟ್ಟುಕೊಂಡು ಇಳಿಸುತ್ತಿದ್ದರು. ಹೆಂಗಸರು ಕಾಲು ಮೇಲಕ್ಕೆ ಮಡಚಿಕೊಂಡು ಕೂರುತ್ತಿದ್ದರು. ನೀರು ಆ ತೂತಿನಿಂದ ಬುಗ್ಗೆಯ ಹಾಗೆ ಒಳಗೆ ಬರುತ್ತಿತ್ತು. ಆಚೆ ದಡ ಹತ್ತಿದ ಮೇಲೆ ಅಪ್ಪ ಹಿಂತಿರುಗಿ, ಎಲ್ಲರೂ ಇದ್ದಾರೆಯೇ ಎಂದು ತಲೆ ಎಣಿಸಿ, "ಇದನ್ನ ಮಾಡಿದೋನು ಯಾರೋ, ಅವನ ಹೊಟ್ಟೆ ತಣ್ಣಗಿರಲಿ" ಅನ್ನುತ್ತಿದ್ದರು.

"ಈಗ್ಲೂ ಹೋಗ್ತೀರಾ?" ಅಂದರು ಶಿವಲಿಂಗಯ್ಯ.

"ಹೋಗ್ದೇ ಇರ್ತೀವಾ?" ಎನ್ನುತ್ತ ನಾರಾಯಣಪ್ಪ ಜೀಪಿನಿಂದ ಇಳಿದರು. "ಪ್ರತಿ ಸಂಕ್ರಾಂತಿಗೂ. ಹಳ್ಳದೊಳಗೇ ಇಳಿಸ್ತೀನಿ. ಹೋದ ವರ್ಷ ನೀರು ಸೀಟಿನ ಮಟ್ಟಕ್ಕೆ ಬಂದಿತ್ತು. ಅಲ್ಲಿಂದ ಬಂಡೆ ಮೇಲೆ ಓರೆಯಾಗಿ ಹತ್ತಿಸ್ಬೇಕು, ಒಂದು ಕಡೆ ಚಕ್ರ ಗಾಳೀಲಿ ಇರುತ್ತೆ."

ದೊರೆಸ್ವಾಮಿ ಕೆಮ್ಮಿದ. ನಾರಾಯಣಪ್ಪ ಕೇಳಿಸಿಕೊಳ್ಳಲಿಲ್ಲ. ದೊರೆಸ್ವಾಮಿ ಬಂದು ಅವರ ಕಾಲು ತುಳಿದ. ನಾರಾಯಣಪ್ಪ ಕಾಲನ್ನು ಸ್ವಲ್ಪ ಆಚೆ ಇಟ್ಟುಕೊಂಡು ಆ ಚಕ್ರ ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆಂಬುದನ್ನು ವಿವರಿಸಿದರು. ಶಿವಲಿಂಗಯ್ಯನವರ ಪೆನ್ನು ಎಲ್ಲೂ ನಿಲ್ಲಲಿಲ್ಲ.

ಹೋಗುವಾಗ ಅವರು ತಿಮ್ಮಕ್ಕನಿಗೆ ಕೈಮುಗಿದರು. "ಒಪ್ಪಿಗೆ ಅಮ್ಮ. ಆಫೀಸಿಗೆ ಬರೀತೀನಿ."

"ಯಾವಾಗ ತಿಳಿಸ್ತೀರಿ?" ಅಂದರು ತಿಮ್ಮಕ್ಕ, ಅಭ್ಯಾಸಬಲದಿಂದ.

ದೀಪಾವಳಿಗೆ ಇನ್ನೇನು ವಾರವಿದೆ ಅನ್ನುವಾಗ ದೊರೆಸ್ವಾಮಿ ಕಾಗದ ತಂದ. ಮುಖದಲ್ಲಿ ಎಂದಿನ ನಗು ಇತ್ತು, ಆದರೆ ಜಾತಕ ಕೂಡಿ ಬಂದು ಹುಡುಗನಿಗೆ ಕೆಲಸವಿಲ್ಲದಾಗ ನಗುವ ನಗು ಅದು. ಜಗುಲಿಯ ಮೇಲೆ ಕೂತು ಓದಿದ. ಬೆಲೆ ಗೊತ್ತುಮಾಡಲಾಗಿತ್ತು, ಅದನ್ನು ಕೇಳಿ ತಿಮ್ಮಕ್ಕ ಇನ್ನೊಂದು ಸಲ ಓದಿಸಿದರು. ಬೆಂಕಿ ಇತ್ತು, ಕಳ್ಳತನ ಇತ್ತು, ದೊಂಬಿ ಇತ್ತು. ಗೋಡೆಗಳಿದ್ದವು. ಓಡಿಸುವವರು, ಪಕ್ಕದಲ್ಲಿ ಕೂತವರು, ಹಿಂದೆ ಕೂತವರು ಎಲ್ಲರೂ ಇದ್ದರು. ಕೆಟ್ಟು ನಿಂತರೆ ಎಳೆದು ತರುವ ಖರ್ಚು ಇತ್ತು. ಟಾರ್ಪಾಲಿನ್ನು ಗಾಡಿಯ ಅಂಗ ಎಂದು ಕಂಪನಿ ಲಿಖಿತವಾಗಿ ಒಪ್ಪಿಕೊಂಡಿತ್ತು.

"ಕೊನೇಲಿ ಒಂದು ಸಣ್ಣ ಷರತ್ತು ಇದೆ," ಅಂದ ದೊರೆಸ್ವಾಮಿ.

ಷರತ್ತು ಹೀಗಿತ್ತು: ಮಾಲೀಕರು ತಾವೇ ನೀಡಿದ ಹೇಳಿಕೆಯ ಮೇರೆಗೆ, ವಾಹನವನ್ನು ಹಳ್ಳ, ಕೆರೆಯಂಗಳ, ಬಂಡೆ ಮೊದಲಾದ ಕಡೆ ಓಡಿಸುವ ರೂಢಿ ಕಂಡುಬಂದಿರುವುದರಿಂದ, ಸಾರ್ವಜನಿಕ ರಸ್ತೆ ಬಿಟ್ಟು ಇಳಿದ ಸಮಯದಲ್ಲಿ ಆಗುವ ಯಾವುದೇ ನಷ್ಟಕ್ಕೆ ಕಂಪನಿ ಹೊಣೆಯಲ್ಲ.

ನಾರಾಯಣಪ್ಪ ಕಾಗದವನ್ನು ತೆಗೆದುಕೊಂಡು ತಾವೇ ಓದಿದರು. "ಜೀಪು ಇರೋದೇ ರಸ್ತೆ ಇಲ್ಲದ ಕಡೆ ಹೋಗೋಕ್ಕಲ್ವೇನಯ್ಯ?"

"ಅದನ್ನ ನೀವು ಅಷ್ಟು ಚೆನ್ನಾಗಿ ಹೇಳದೇ ಇದ್ದಿದ್ರೆ ಅವರಿಗೂ ಗೊತ್ತಾಗ್ತಿರಲಿಲ್ಲ ಸಾರ್. ನಾನು ಕಾಲು ತುಳಿದೆ."

"ಜಾಸ್ತಿ ಕಟ್ಟಿದ್ರೆ ಅದನ್ನೂ ಸೇರಿಸ್ತಾರಾ?"

"ಕೇಳಿದೆ. ಹಳ್ಳಕ್ಕೆ ಇಳಿಯೋದಾದ್ರೆ ದೋಣಿ ವಿಮೆಯೋರ ಹತ್ರ ಹೋಗು ಅಂದ್ರು."

ಗಂಗರತ್ನಮ್ಮ ಹೊರಗೆ ಬಂದು ಕೂತಿದ್ದರು. ಅಷ್ಟು ದಿನದಲ್ಲಿ ಅವರು ಬಾಗಿಲ ಸಂದಿ ಬಿಟ್ಟು ಜಗುಲಿಗೆ ಬಂದದ್ದು ಅದೇ ಮೊದಲು. ಕಾಗದದ ಮೇಲೆ ತಮ್ಮ ಸಾಲು ಎಲ್ಲಿದೆ ಎಂದು ಕೇಳಿ ತೋರಿಸಿಕೊಂಡರು. "ಟೊಮೆಟೊದವನಿಗೆ ಬೇಡ ಅಂತ ಹೇಳಿಕಳಿಸ್ತೀನಿ," ಅಂದರು. ಕಾಗದ ವಾಪಸು ಕೊಡುತ್ತ, "ಆದ್ರೆ ಮಾತು ಅಂದ್ರೆ ಮಾತು ರೀ. ಇದರಲ್ಲಿ ಬರೀದೇ ಇರೋ ಕಡೆ ಗಾಡಿ ಇಳೀಬಾರ್ದು. ಪೂರ್ತಿ ಅಂತ ಕೇಳಿದ್ದು ನಾನು."

"ಹಳ್ಳದವರೆಗೂ ಹೋಗಿ ನಿಲ್ಲಿಸಬಹುದಲ್ಲ," ಅಂದರು ತಿಮ್ಮಕ್ಕ, ಮಗನಿಗೆ ಸಮಾಧಾನವಾಗಲೆಂದು.

"ಅಲ್ಲಿವರೆಗೂ ಹೋಗಿ ನಿಲ್ಲಿಸೋದಾ?" ಅಂದರು ನಾರಾಯಣಪ್ಪ.

ಅವರು ಎದ್ದು ಅಂಗಳಕ್ಕೆ ಹೋದರು. ಉಜ್ಜಿದ್ದು ಅರ್ಧಕ್ಕೇ ನಿಂತಿದ್ದರಿಂದ ಜೀಪಿನ ಮುಂಭಾಗ ಹಸಿರಾಗಿತ್ತು, ಹಿಂಭಾಗ ನೀಲಿಯಾಗಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಕತ್ತರಿಸಿಕೊಂಡು ಕೋಲಾರದ ಸಂತೆಗೆ ಹೋಗುವ ಜೀಪು ಒಂದು ಕಡೆ, ಡಾಂಬರಿನ ಮೇಲೆ ಗಾಂಧಿಬಜಾರಿಗೆ ಹೋಗಿ ತರಕಾರಿ ತರುವ ಜೀಪು ಇನ್ನೊಂದು ಕಡೆ. ಅಪ್ಪನಾಗಿದ್ದರೆ ಡೇರೆ ತರುತ್ತೇನೆಂದು ಹೇಳಿ ಹೋಗಿ ಮೂರನೆಯದೇನನ್ನಾದರೂ ತರುತ್ತಿದ್ದರು. ಅವರಿಗೆ ಅಂಥದ್ದು ಯಾವುದೂ ಹೊಳೆಯಲಿಲ್ಲ. ವಾಪಸು ಬಂದು ದೊರೆಸ್ವಾಮಿಯ ಪೆನ್ನು ಕೇಳಿ, ಅವನು ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು.

ಪಾಲಿಸಿ ಕಾರ್ತಿಕದಲ್ಲಿ ಬಂತು. ಸಂಕ್ರಾಂತಿಗೆ ಎಲ್ಲರೂ ಮಾಗಡಿ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹೊಲಕ್ಕೆ ನಡೆದರು.